ಬಾಣಂತನದ ಹುಳುಕಡ್ಡಿ

ತುರಿಕೆಯನ್ನು ಕಾಯಿಲೆ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಜ್ವರ ಬಂದರೆ ಪಕ್ಕದ ಮನೆಯವರು ಗಂಜಿ ತಂದುಕೊಡುತ್ತಾರೆ. ಕಾಲು ಮುರಿದರೆ ಬಸ್ಸಿನಲ್ಲಿ ಸೀಟು ಬಿಡುತ್ತಾರೆ. ತುರಿಕೆ ಅಂದು ನೋಡಿ! ಕೇಳಿದವರು ಮೊದಲು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ, ಆಮೇಲೆ ದೂರದಿಂದಲೇ "ಬೇವಿನ ಸೊಪ್ಪು ಅರೆದು ಹಚ್ಚು" ಅಂತಾರೆ. ಅದೂ ಸೊಂಟದ ಸುತ್ತ, ತೊಡೆ ಸಂದಿಯಲ್ಲಿ, ಎದೆಯ ಅಡಿಯಲ್ಲಿ ಅಂದರೆ ಮುಗಿದೇ ಹೋಯಿತು, ಹೇಳಿಕೊಳ್ಳುವುದಕ್ಕೇ ಬಾಯಿ ಬರುವುದಿಲ್ಲ. ನನಗೆ ಬಾಯಿ ಜೋರು ಅಂತ ತವರಲ್ಲೂ ಗಂಡನ ಮನೆಯಲ್ಲೂ ಹೆಸರಿದೆ. ಅಂಥ ನಾನೇ ಹೊರಗಿನವರ ಮುಂದೆ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೆರೆದುಕೊಂಡೆ. ಈಗ ವಾಸಿಯಾಗಿ ವರ್ಷಗಳೇ ಕಳೆದವು. ಆದರೂ ಮದುವೆ ಮನೆಯಲ್ಲಿ ಯಾರಾದರೂ ಹೆಣ್ಣುಮಗಳು ಮುಖದಲ್ಲಿ ನಗು ಇಟ್ಟುಕೊಂಡು, ಸೆರಗಿನ ಮರೆಯಲ್ಲಿ ಸೊಂಟಕ್ಕೆ ಕೈ ಹಾಕಿದರೆ ನನಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಹೋಗಿ ಕೈ ಹಿಡಿದುಕೊಂಡು ಮಾತಾಡಿಸೋಣ ಅನ್ನಿಸುತ್ತದೆ, ಹೇಗೆ ಮಾತಾಡಿಸುವುದು? ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಂಡ್ಲಹಳ್ಳಿಗೆ ಮದುವೆಯಾಗಿ ಹೋಗಿದ್ದ ನಾನು ಚೊಚ್ಚಲ ಹೆರಿಗೆಗೆ ತವರು ಪರಶುರಾಂಪುರಕ್ಕೆ ಬಂದಿದ್ದೆ. ತವರಿನಲ್ಲಿ ಇದ್ದವರು ಅವ್ವ ಮತ್ತು ಅಣ್ಣ ಇಬ್ಬರೇ. ನಾನು ಸ್ಕೂಲಿಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅವ್ವ ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು, ಈರುಳ್ಳಿ ಕೊಯ್ದು ನಮ್ಮಿಬ್ಬರನ್ನು ಸಾಕಿದವಳು. ಅಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ನನಗೆ ಹೆಣ್ಣುಮಗು ಹುಟ್ಟಿತು. ಪುಟ್ಟಿ ಅಂತ ಕರೆಯತೊಡಗಿದೆವು.

ಬಾಣಂತನ ಮಾಡುವುದರಲ್ಲಿ ಅವ್ವನ ಹತ್ತಿರ ಯಾರ ಮಾತೂ ನಡೆಯುವುದಿಲ್ಲ. ಗಾಳಿ ಸೋಕಬಾರದು ಅಂತ ಕಿಟಕಿಗೆ ಗೋಣಿಚೀಲ ಕಟ್ಟಿದಳು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯ ಸುಡುನೀರು ಚೊಂಬುಗಟ್ಟಲೆ ಬೆನ್ನಿಗೆ ಹೊಯ್ದು, ನೆಟ್ಟಗೆ ಮೈ ಒರೆಸಿಕೊಳ್ಳುವುದಕ್ಕೂ ಬಿಡದೆ ಹಳೇ ಪಂಚೆ ಸೀಳಿದ ಉದ್ದನೆಯ ಬಟ್ಟೆಯನ್ನು ಹೊಟ್ಟೆಗೆ ಬಿಗಿದು ಸುತ್ತುತ್ತಿದ್ದಳು. ಹೊಟ್ಟೆ ಜೋತು ಬೀಳಬಾರದಂತೆ. ಮೂಲೆಯಲ್ಲಿ ಕೆಂಡದ ಬಾಣಲೆ, ಅದರ ಮೇಲೆ ಲೋಬಾನದ ಹೊಗೆ. ನೆಲಕ್ಕೆ ಅಜ್ಜಿಯ ಕಾಲದ ಕರಿ ಕಂಬಳಿ. ಹೊರಗೆ ಚಳ್ಳಕೆರೆ ಸೀಮೆಯ ಬಿಸಿಲು, ಒಳಗೆ ಇದು. "ಅವ್ವಾ, ಉಸಿರು ಕಟ್ತೈತೆ, ಒಂಚೂರು ಸಡ್ಲ ಮಾಡೇ" ಅಂದರೆ "ಬೆವರಬೇಕು ಕಣೆ. ಬೆವರಿದ್ರೇನೇ ಮೈಯಾಗಿನ ನೀರು ಹೋಗಾದು" ಅನ್ನುತ್ತಿದ್ದಳು. ಮಗು ಅತ್ತರೆ ಎತ್ತಿಕೊಳ್ಳಲಿಕ್ಕೆ ಅಂತ ಅವಳೂ ಅದೇ ಕಂಬಳಿಯ ಮೇಲೆ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು.

ಮೊದಲು ಹೊಕ್ಕುಳ ಪಕ್ಕದಲ್ಲಿ ಒಂದು ಕೆಂಪು ಬೊಟ್ಟು. ಸೊಳ್ಳೆ ಕಚ್ಚಿದೆ ಅಂದುಕೊಂಡೆ. ಅದು ದಿನದಿನಕ್ಕೆ ಅಗಲವಾಗಿ, ನಡುವೆ ಬಿಳಿಚಿಕೊಂಡು, ಅಂಚು ಮಾತ್ರ ಉಬ್ಬಿ ಬಳೆಯ ಹಾಗೆ ಆಯಿತು. ಆಮೇಲೆ ಇನ್ನೊಂದು ಬಳೆ, ಮತ್ತೊಂದು. ಹೊಟ್ಟೆಬಟ್ಟೆ ಎಲ್ಲೆಲ್ಲಿ ಬಿಗಿಯುತ್ತಿತ್ತೋ ಅಲ್ಲೆಲ್ಲ. ತುರಿಕೆ ಅಂದರೆ ಅಂತಿಂಥದ್ದಲ್ಲ. ಮಗುವಿಗೆ ಹಾಲು ಕೊಡುವಾಗ ಎರಡೂ ಕೈ ಅದರ ಮೈಮೇಲೆ ಇರಬೇಕಲ್ಲ, ಆಗಲೇ ಬೇಕಂತ ಶುರುವಾಗುತ್ತಿತ್ತು. ಹಲ್ಲು ಕಚ್ಚಿ, ಕಾಲ್ಬೆರಳು ಮಡಚಿ, ಗೋಡೆಗೆ ಬೆನ್ನು ಉಜ್ಜಿ ಹೇಗೋ ತಡೆಯುತ್ತಿದ್ದೆ. ಮಗು ಮಲಗಿದ ಕೂಡಲೇ ಬಟ್ಟೆಯ ಮೇಲಿಂದಲೇ ಪರಪರ ಕೆರೆದುಕೊಂಡರೆ ಆಹಾ, ಸ್ವರ್ಗ. ಆ ಸುಖ ಮುಗಿಯುವುದರೊಳಗೆ ಉರಿ. ಉರಿ ಆರುವುದರೊಳಗೆ ಮತ್ತೆ ತುರಿಕೆ. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು, ತಲೆ ಚಿಟ್ಟು ಹಿಡಿದುಹೋಯಿತು.

ಅವ್ವನಿಗೆ ತೋರಿಸಿದೆ. ಅವಳು ನೋಡಿದಳು, ನೋಡಿ ಮುಖ ಆ ಕಡೆ ತಿರುಗಿಸಿದಳು. "ಬಾಣಂತಿ ನಂಜು. ಬದನೆಕಾಯಿ ಪಲ್ಯ ಏನಾರ ತಿಂದ್ಯಾ?" ಅಂತ ಕೇಳಿದಳು. ಸಾರಿಗೆ ಬೆಳ್ಳುಳ್ಳಿ, ಮೆಣಸು ಬಿಟ್ಟರೆ ಬೇರೇನೂ ಹಾಕದೆ ಒಂದೂವರೆ ತಿಂಗಳಿಂದ ತಿನ್ನಿಸುತ್ತಿರುವವಳು ಅವಳೇ. ನನಗೆ ಎಲ್ಲಿತ್ತೋ ಸಿಟ್ಟು, "ಹೌದವ್ವ, ನೀನು ಮಲಗಿದ ಮೇಲೆ ಎದ್ದು ಹೋಗಿ ಓಟ್ಲಾಗೆ ತಿಂದ್ಬಂದೆ" ಅಂದೆ.

ಬಾಣಂತಿ ಹೊಸಿಲು ದಾಟುವ ಹಾಗಿಲ್ಲ. ಅಣ್ಣನಿಗೆ ಹೇಳಿದೆ, ಎಲ್ಲಿ ಅಂತ ಹೇಳಲಿಲ್ಲ, ಅವನೂ ಕೇಳಲಿಲ್ಲ. ಸಂಜೆ ಮಿಲ್ಲಿನಿಂದ ಬರುವಾಗ ಮೆಡಿಕಲ್ ಸ್ಟೋರಿನಿಂದ ಒಂದು ಸಣ್ಣ ಟ್ಯೂಬು ತಂದು, ನನ್ನ ಮುಖ ನೋಡದೆ ಗೂಡಿನಲ್ಲಿಟ್ಟು ಹೋದ. ಹಚ್ಚಿಕೊಂಡೆ. ಅಬ್ಬಾ! ಬೆಳಗಾಗುವುದರೊಳಗೆ ಅರ್ಧ ತುರಿಕೆ ಮಾಯ. ನಾಲ್ಕೈದು ದಿನಕ್ಕೆ ಕೆಂಪು ಇಳಿಯಿತು. ಆ ಟ್ಯೂಬನ್ನು ನಾನು ದೇವರ ಪಟದ ಪಕ್ಕ ಇಡುವುದೊಂದು ಬಾಕಿ. ವಾಸಿಯಾಯಿತು ಅಂತ ಹಚ್ಚುವುದು ಬಿಟ್ಟೆ. ವಾರ ಕಳೆಯಲಿಲ್ಲ, ದುಪ್ಪಟ್ಟಾಗಿ ಬಂತು. ಮತ್ತೆ ಟ್ಯೂಬು, ಮತ್ತೆ ಮಾಯ. ಮತ್ತೆ ಬಿಟ್ಟೆ, ಈ ಸಲ ತೊಡೆ, ಬೆನ್ನು, ಎದೆಯ ಅಡಿ ಎಲ್ಲ ಕಡೆ. ಈಗ ಬಳೆಯ ಆಕಾರವೂ ಇಲ್ಲ, ಸುಟ್ಟ ಗಾಯದ ಹಾಗೆ ಕೆಂಪಗೆ ಹಸಿಹಸಿಯಾಗಿ ಹರಡಿತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಉಗುರು ತಾಕಿದರೆ ರಕ್ತ. ಒಂದು ದಿನ ಹೊಟ್ಟೆಬಟ್ಟೆ ಬಿಚ್ಚುವಾಗ ಅದು ಮೈಗೆ ಅಂಟಿಕೊಂಡಿತ್ತು. ನಾನು ಕಿರುಚಿದ ರಭಸಕ್ಕೆ ಅಣ್ಣ ಬಾಗಿಲ ಹೊರಗಿನಿಂದಲೇ "ನಾಳೆ ಚಳ್ಳಕೆರೆಗೆ ಹೋಗಾಣ, ಚರ್ಮದ ಡಾಕ್ಟ್ರು ಬರ್ತಾರೆ" ಅಂದ.

ಆ ಡಾಕ್ಟರು ವಾರಕ್ಕೊಂದು ದಿನ ಚಿತ್ರದುರ್ಗದಿಂದ ಬಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದರು. ಹೊರಗೆ ಎರಡು ಬೆಂಚು. ಅವ್ವನೂ ನಾನೂ ಮಗು ಎತ್ತಿಕೊಂಡು ಹೋಗಿ ಕೂತೆವು. ಬೇರೆ ಆಸ್ಪತ್ರೆಯಲ್ಲಾದರೆ ಪಕ್ಕದಲ್ಲಿ ಕೂತವರು "ನಿಮಗೇನಾಗೈತ್ರಿ?" ಅಂತ ಶುರುಮಾಡಿ ಜಾತಕವನ್ನೇ ಕೇಳಿಬಿಡುತ್ತಾರೆ. ಇಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರೂ ಗೋಡೆಯ ಕ್ಯಾಲೆಂಡರನ್ನೇ ಓದುತ್ತಿದ್ದರು. ಒಬ್ಬ ಯಜಮಾನರು ಲುಂಗಿಯ ಮೇಲೆ ಟವೆಲ್ ಹಾಕಿಕೊಂಡು, ಟವೆಲ್ ಅಡಿಯಲ್ಲಿ ಕೈ ಇಟ್ಟುಕೊಂಡು, ಕಣ್ಣು ಅರೆಮುಚ್ಚಿದ್ದರು. ಆ ಕೈ ಏನು ಮಾಡುತ್ತಿದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಕೈಯೂ ಮಗುವಿನ ಟವೆಲ್ ಅಡಿಯಲ್ಲಿ ಅದನ್ನೇ ಮಾಡುತ್ತಿತ್ತು. ನಮ್ಮ ಬೀದಿಯ ಹೆಂಗಸೊಬ್ಬಳು ಬಾಗಿಲ ತನಕ ಬಂದವಳು ನಮ್ಮನ್ನು ಕಂಡು, ಮನೆ ತಪ್ಪಿ ಬಂದವಳ ಹಾಗೆ ಹಿಂದಕ್ಕೆ ಹೋದಳು. ಪಾಪ, ಅವಳ ಪಾಳಿ ನಮ್ಮಿಂದ ಹೋಯಿತು.

ಡಾಕ್ಟರು ಗಂಡಸು. ನಾನು ಅವ್ವನ ಮುಖ ನೋಡಿದೆ, ಅವ್ವ ನೆಲ ನೋಡಿದಳು. ಅಲ್ಲಿದ್ದ ಸಿಸ್ಟರು ಅದನ್ನು ಕಂಡು, ಪರದೆ ಎಳೆದು, "ಮಗು ನಂಗೆ ಕೊಡು ತಾಯಿ, ಅವರು ಒಂದ್ಸಲ ನೋಡ್ತಾರೆ ಅಷ್ಟೆ, ನಾನಿಲ್ಲೇ ಇರ್ತೀನಿ" ಅಂದರು. ಆ ಮಾತಿಗೇ ನನಗೆ ಅಳು ಬಂತು. ಅಷ್ಟು ದಿನದಲ್ಲಿ ಯಾರಾದರೂ ಈ ತುರಿಕೆಗೆ ಮುಖ ತಿರುಗಿಸದೆ ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಡಾಕ್ಟರು ನೋಡಿದರು. ಟ್ಯೂಬು ತೋರಿಸಿ ಅಂದರು. ತೋರಿಸಿದೆ. ಅವರು ಅದನ್ನು ತಿರುಗಿಸಿ ಓದಿ ಮೇಜಿನ ಮೇಲಿಟ್ಟರು. "ಇದು ಹುಳುಕಡ್ಡಿ ಕಣಮ್ಮ. ಚರ್ಮದ ಮೇಲೆ ಬೆಳೆಯೋ ಬೂಷ್ಟು. ಈ ಟ್ಯೂಬಿನಲ್ಲಿ ಉರಿ, ಕೆಂಪು ಇಳಿಸೋ ಮದ್ದು ಬಹಳ ಜೋರಾಗಿದೆ. ಉರಿ ಇಳಿದ್ರೆ ನಿನಗೆ ವಾಸಿ ಆದಂಗೆ ಅನ್ಸುತ್ತೆ, ಒಳಗೆ ಬೂಷ್ಟು ಹಾಯಾಗಿ ಬೆಳೀತಿರುತ್ತೆ" ಅಂದರು. ಮಗು ಹಾಲು ಕುಡಿಯುವುದರಿಂದ ಗುಳಿಗೆ ಕೊಡುವುದಿಲ್ಲ, ಮುಲಾಮಿನಲ್ಲೇ ವಾಸಿ ಮಾಡೋಣ ಅಂತ ಎರಡು ಟ್ಯೂಬು ಬರೆದುಕೊಟ್ಟರು. ಒಂದು, ಉರಿ ಇಳಿಯುವವರೆಗೆ ಕೆಲವೇ ದಿನ. ಆಮೇಲೆ ಅದನ್ನು ಮುಟ್ಟಬಾರದು, ಎರಡನೆಯದು ಮಾತ್ರ. ಅದನ್ನು ಕಲೆಯ ಅಂಚಿನಿಂದ ಆಚೆಗೂ ಹಚ್ಚಬೇಕು, ಎಲ್ಲ ಹೋಯಿತು ಅನ್ನಿಸಿದ ಮೇಲೂ ಎರಡು ವಾರ ಬಿಡಬಾರದು. ಮೈ ಒಣಗಿರಬೇಕು. ಹೊಟ್ಟೆಬಟ್ಟೆ ಬಿಗಿಯುವ ಹಾಗೇ ಇಲ್ಲ. ಉಟ್ಟದ್ದು, ಹಾಸಿದ್ದು, ಹೊದ್ದದ್ದು ಎಲ್ಲ ಕುದಿಸಿ ಒಗೆದು ಬಿಸಿಲಿಗೆ ಹಾಕಬೇಕು. "ಮನೇಲಿ ಇನ್ಯಾರಿಗಾದ್ರೂ ಇದೆಯಾ?" ಅಂತ ಕೊನೆಗೆ ಕೇಳಿದರು. "ಯಾರಿಗೂ ಇಲ್ಲ ಸ್ವಾಮಿ" ಅಂದಳು ಅವ್ವ.

ಹೊಟ್ಟೆಬಟ್ಟೆ ಬಿಡಿಸಿದ್ದಕ್ಕೆ ಅವ್ವ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಬಟ್ಟೆ ಒಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಂಡೆಯಲ್ಲಿ ಕುದಿಸಿ ಕುದಿಸಿ ನನ್ನ ಸೀರೆಗಳ ಬಣ್ಣವೇ ಹೋಯಿತು. ಕೌದಿ, ದಿಂಬಿನ ಚೀಲ, ಕೊನೆಗೆ ತೊಟ್ಟಿಲ ಹಗ್ಗವನ್ನೂ ಬಿಡಲಿಲ್ಲ.

ನಾನೋ, ಮೊದಲ ಟ್ಯೂಬು ನಿಲ್ಲಿಸುವ ದಿನ ಬಂದಾಗ ಅದನ್ನು ಬಿಡಲಾರದೆ ಒದ್ದಾಡಿದೆ. ಅದು ಹಚ್ಚಿದ ಕೂಡಲೇ ಸುಮ್ಮನಾಗಿಸುತ್ತಿತ್ತು. ಎರಡನೆಯದು ನಿಧಾನ, ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು. ದಿನಕ್ಕೆ ಹತ್ತು ಸಲ ಸೆರಗು ಸರಿಸಿ ನೋಡುವುದು, ಕಮ್ಮಿಯಾಯಿತಾ, ಜಾಸ್ತಿಯಾಯಿತಾ ಅಂತ ಬೆಳಕಿಗೆ ತಿರುಗುವುದು. ತುರಿಕೆ ಬಂದರೆ ಉಗುರಿನ ಬದಲು ಅಂಗೈಯಿಂದ ಪಟಪಟ ಹೊಡೆದುಕೊಳ್ಳುತ್ತಿದ್ದೆ. ಅಣ್ಣ "ಏನು, ಒಳಗೆ ರೊಟ್ಟಿ ಬಡೀತಿದೀಯೇನೇ?" ಅಂತ ರೇಗಿಸುತ್ತಿದ್ದ. ಅಂತೂ ಸ್ವಲ್ಪ ಸ್ವಲ್ಪವಾಗಿ ಅಂಚು ಮಾಸಿತು, ಹೊಸ ಚರ್ಮ ಕಂಡಿತು. ಹೇಳಿದಷ್ಟೂ ದಿನ ಹಚ್ಚಿ ಮುಗಿಸಿದೆ. ಎಷ್ಟೋ ತಿಂಗಳ ಮೇಲೆ ಕೈ ಕಟ್ಟಿ ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ಅಂದರೆ ಎಂಥ ಭಾಗ್ಯ ಅನ್ನುವುದು ತುರಿಕೆಯಿಂದ ಎದ್ದವರಿಗೇ ಗೊತ್ತು.

ಆ ಭಾಗ್ಯ ಬಹಳ ದಿನ ಉಳಿಯಲಿಲ್ಲ. ಸೊಂಟದಲ್ಲಿ ಮತ್ತೆ ಒಂದು ಬೊಟ್ಟು. ಅದನ್ನು ನೋಡಿಯೂ ಯಾರಿಗೂ ಹೇಳದೆ ತಡೆದುಕೊಂಡೆ. ಎರಡು ದಿನದ ಮೇಲೆ ಪುಟ್ಟಿಗೆ ನೀರು ಹಾಕಿ ಒರೆಸುವಾಗ ಅವಳ ಕೆನ್ನೆಯ ಮೇಲೆ, ಬಲಗಡೆ, ಸಣ್ಣ ಕೆಂಪು ಬಳೆ ಕಂಡಿತು. ಮಗು ಅದನ್ನು ನನ್ನ ಎದೆಗೆ ಉಜ್ಜುತ್ತಿತ್ತು. ನನ್ನ ಮೈ ಏನಾದರೂ ಆಗಲಿ, ಇದರ ಮುಖಕ್ಕೆ ಬಂತಲ್ಲ! ಎತ್ತಿಕೊಳ್ಳುವುದಕ್ಕೆ ಹೆದರಿಕೆ, ಎತ್ತಿಕೊಳ್ಳದಿದ್ದರೆ ಅಳು. ಅಂಗೈಗೆ ಬಟ್ಟೆ ಸುತ್ತಿಕೊಂಡು ಎತ್ತಿಕೊಂಡೆ. ಹೆತ್ತ ಮಗುವನ್ನು ಹಾಗೆ ಎತ್ತಿಕೊಳ್ಳುವ ಗತಿ ಯಾರಿಗೂ ಬೇಡ.

ಅಣ್ಣ ಗಾಬರಿಯಲ್ಲಿ ಕೊಂಡ್ಲಹಳ್ಳಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ತಿಳಿಸಿಬಿಟ್ಟ. ನಮ್ಮ ಮನೆಯವರು ಲಾರಿ ಡ್ರೈವರ್, ಊರಲ್ಲಿರಲಿಲ್ಲ. ಸುದ್ದಿ ಹೋಗಿದ್ದು ಅತ್ತೆಗೆ.

ಮತ್ತೆ ಚಳ್ಳಕೆರೆ, ಮತ್ತೆ ಅದೇ ಬೆಂಚು, ಅದೇ ಕ್ಯಾಲೆಂಡರು. ಡಾಕ್ಟರು ಮಗುವಿನ ಕೆನ್ನೆಗೆ ಬೇರೆ ಮೆತ್ತನೆಯ ಮುಲಾಮು ಕೊಟ್ಟರು. "ಎದೆಹಾಲು ನಿಲ್ಲಿಸಬೇಡ, ದೂರ ಇಡಬೇಡ. ಇಬ್ಬರೂ ಹಚ್ಚಿ, ಹೋಗುತ್ತೆ" ಅಂದರು. ಆದರೆ ಯಾಕೆ ತಿರುಗಿ ಬಂತು ಅನ್ನುವುದು ಅವರಿಗೂ ತಲೆಬಿಸಿ. ಸೀರೆ? ಕುದಿಸಿದ್ದೀವಿ. ಕೌದಿ? ಕುದಿಸಿದ್ದೀವಿ. ಟವೆಲ್? ಬೇರೆ ಬೇರೆ. "ನೆಲಕ್ಕೆ ಏನು ಹಾಸ್ತೀರಾ?"

"ಕಂಬಳಿ" ಅಂದೆ.

"ಅದನ್ನ ತೊಳೆದ್ರಾ?"

ಅವ್ವ ಅವರನ್ನೇ ನೋಡಿದಳು. "ಕಂಬಳಿ ಯಾಕೆ ತೊಳೀತಾರೆ ಸ್ವಾಮಿ? ಅದಕ್ಕೆ ಮೈಲಿಗೆ ಎಲ್ಲೈತೆ?"

ನನಗೂ ಹೊಳೆದಿರಲಿಲ್ಲ ನೋಡಿ! ನಮ್ಮ ಕಡೆ ಕಂಬಳಿಗೆ ಮೈಲಿಗೆ ತಾಗುವುದಿಲ್ಲ. ದೇವರ ಕಾರ್ಯಕ್ಕೂ ಅದೇ ಗದ್ದುಗೆ, ಬಾಣಂತಿಗೂ ಅದೇ ಹಾಸು. ಸೂತಕ ಬಂದರೂ ಬಟ್ಟೆಗಳನ್ನೆಲ್ಲ ಒಗೆಯುತ್ತೇವೆ, ಕಂಬಳಿಯನ್ನು ಕೊಡವಿ ಮಡಚಿಡುತ್ತೇವೆ. ಅವ್ವ ತೊಟ್ಟಿಲ ಹಗ್ಗ ಕುದಿಸುವಾಗ ಕಂಬಳಿಯನ್ನು ಭಕ್ತಿಯಿಂದ ಮಡಚಿ ಗೂಟದ ಮೇಲೆ ಹಾಕಿ, ಒಗೆತ ಮುಗಿದ ಮೇಲೆ ಮತ್ತೆ ಹಾಸಿದ್ದಳು. ಅದರ ಮೇಲೆ ನಾನು, ಅವ್ವ, ಮಗು.

ಡಾಕ್ಟರು ನಗಲಿಲ್ಲ. ಅವರೂ ಈ ಸೀಮೆಯವರೇ ಇರಬೇಕು. "ಮೈಲಿಗೆ ಇಲ್ಲದಿರಬಹುದಮ್ಮ, ಬೂಷ್ಟು ಐತೆ. ಅದಕ್ಕೆ ಮಡಿ ಮೈಲಿಗೆ ಗೊತ್ತಾಗಲ್ಲ" ಅಂದರು. ಮತ್ತೆ ಕೇಳಿದರು, ಈ ಸಲ ಪೆನ್ನು ಕೆಳಗಿಟ್ಟು: "ಸರಿಯಾಗಿ ಹೇಳ್ರಿ. ಕಂಬಳಿ ಮೇಲೆ ಮಲಗೋರು, ಮಗೂನ ಎತ್ಕೊಳ್ಳೋರು, ಇನ್ಯಾರಿಗೂ ಇಲ್ವಾ? ಇದ್ರೆ ಎಲ್ಲರೂ ಒಟ್ಟಿಗೆ ಹಚ್ಚಬೇಕು. ಇಲ್ಲಾಂದ್ರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಾನೇ ಇರುತ್ತೆ."

"ಇಲ್ಲ" ಅಂದಳು ಅವ್ವ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಕಂಬಳಿಯ ಬೇಜಾರು ಅಂದುಕೊಂಡೆ.

ಮನೆಗೆ ಬಂದರೆ ಜಗಲಿಯ ಮೇಲೆ ಅತ್ತೆ ಕೂತಿದ್ದರು. ಆಂಧ್ರದ ಗಡಿಯ ಕಡೆಯಿಂದ ಬಂದವರು, ಮುದ್ದು ಬಂದರೆ ಬಾಯಲ್ಲಿ ತೆಲುಗೇ ಬರುತ್ತಿತ್ತು. "ನಾ ಬಂಗಾರು ತಲ್ಲಿ, ಎಂಥ ಗತಿ ಬಂತೇ ನಿಂಗೆ" ಅಂತ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಕೆನ್ನೆ ನೋಡಿದರು. ನನ್ನ ಕಡೆ ತಿರುಗಿದರು.

"ನಮ್ಮನೇಲಿ ಇದ್ದಾಗ ನಿನ್ನ ಮೈ ಸೊಗಸಾಗಿತ್ತಲ್ಲಮ್ಮ. ಇಲ್ಲಿಗೆ ಬಂದು ಏನು ಅಂಟಿಸ್ಕಂಡೆ?"

"ಅತ್ತೆ, ಮುಲಾಮು ಕೊಟ್ಟವ್ರೆ. ಹೋಗುತ್ತಂತೆ. ಹಾಲು ಬಿಡಿಸಬೇಡ ಅಂದವ್ರೆ."

"ಹೋದ್ಸಲಾನೂ ಹೋಯ್ತು ಅಂದ್ರಿ. ಮತ್ತೆ ಯಾಕೆ ಬಂತು? ಹೇಳು, ಯಾಕೆ ಬಂತು?"

ಅತ್ತೆ ಎಲ್ಲ ನಿರ್ಧಾರ ಮಾಡಿಕೊಂಡೇ ಬಂದಿದ್ದರು. "ಮಗೂನ ನಾನು ಕರ್ಕಂಡು ಹೋಗ್ತೀನಿ. ಮನೇಲಿ ಹಸ ಐತೆ, ಹಾಲು ಹಾಕಿ ಸಾಕ್ತೀನಿ. ನೀನು ಪೂರ್ತಿ ವಾಸಿ ಮಾಡ್ಕಂಡು ಆಮೇಲೆ ಬಾ." ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಅದು ನನಗೆ ಈಗ ಅರ್ಥವಾಗುತ್ತದೆ. ಆಗ ಮಗು ಅವರ ಕೈಯಲ್ಲಿರುವುದೊಂದೇ ಕಾಣುತ್ತಿತ್ತು. ಎದೆಯಲ್ಲಿ ಹಾಲು ಇಳಿದು ರವಿಕೆ ತೋಯುತ್ತಿತ್ತು. ನಾನು ಬಾಯಿ ಜೋರಿನವಳೇನೋ ಹೌದು. ಹಾಲು ಕುಡಿಸಿ ಮಗು ಬೆಳೆಸಬೇಕಾದ ಮೈಯೇ ಮಗುವಿಗೆ ಆಗದು ಅಂದರೆ ಯಾವ ಬಾಯಿಂದ ಜಗಳ ಆಡಲಿ? ಅತ್ತೆ ಮಗುವಿಗೆ ಟವೆಲ್ ಸುತ್ತಿದರು. ಊರಿನ ಕಡೆಗೆ ಹೋಗುವ ಮೊಳಕಾಲ್ಮೂರಿನ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

"ಬೀಗತಿ" ಅಂದಳು ಅವ್ವ. "ಒಂದ್ ನಿಮಿಷ ಒಳಗೆ ಬರ್ರಿ. ರತ್ನಾ, ನೀನೂ ಬಾರೆ."

ಬಾಣಂತಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ನಮ್ಮ ಕಡೆ ತಿರುಗದೆ, ಗೋಡೆಗೆ ಮುಖ ಮಾಡಿ, ಸೀರೆಯ ನೆರಿಗೆ ಸಡಿಲಿಸಿ ಲಂಗದ ಲಾಡಿ ಬಿಚ್ಚಿದಳು. ಸೊಂಟದ ಸುತ್ತ ಕರಿ ಪಟ್ಟಿ. ಲಾಡಿ ಕಟ್ಟುವ ಜಾಗದಿಂದ ಕೆಳಗೆ, ಹಿಂದೆ ಮುಂದೆ ಎಲ್ಲ ಕಡೆ, ಚರ್ಮ ದಪ್ಪಗಾಗಿ ಒರಟು ಬಿದ್ದು ಎಮ್ಮೆ ಚರ್ಮದ ಹಾಗಾಗಿತ್ತು. ಅಂಚಿನಲ್ಲಿ ಕೆರೆದ ಗೀರುಗಳು, ಕೆಲವು ಹಳೆಯವು, ಕೆಲವು ಅವತ್ತಿನವು.

"ನಂದು ಇದು" ಅಂದಳು. "ಅವಳದ್ದಲ್ಲ. ಒಂದೇ ಕಂಬಳಿ ಮ್ಯಾಲೆ ಮಲಗಿ ನನ್ನಿಂದ ಅವಳಿಗೆ ಬಂದೈತೆ, ಅವಳಿಂದ ಮಗೀಗೆ. ಇವಳು ಹುಟ್ಟಾಕ್ಕಿಂತ ಮುಂಚಿಂದ ಐತೆ. ಹೊಲದಾಗೆ ಬೆವರಿ ಬೆವರಿ ಬಂತು, ಹೋಗ್ಲೇ ಇಲ್ಲ. ಇವರಪ್ಪಗೂ ತೋರಿಸ್ಲಿಲ್ಲ, ಅಸಹ್ಯ ಪಟ್ಕಂತಾರೆ ಅಂತ. ಅವರು ಹೋದ್ಮೇಲೆ ಯಾರಿಗೆ ತೋರಿಸ್ಲಿ? ಡಾಕ್ಟ್ರು ಎರಡು ಸಲ ಕೇಳಿದ್ರೂ ಬಾಯಿ ಬರ್ಲಿಲ್ಲ." ಲಾಡಿಯ ತುದಿ ಬಿಗಿಯಾಗಿ ಹಿಡಿದುಕೊಂಡಳು. "ಬೈಯಾದಾದ್ರೆ ನಂಗೆ ಬೈದು ಹೋಗ್ರಿ. ಈ ಮನೆ ಹೊಸಿಲು ತುಳಿಯಲ್ಲ ಅಂದ್ರೂ ಅನ್ರಿ. ಮಗೀನ ತಾಯಿ ಹತ್ರ ಬಿಡ್ರಿ."

ಬೀಗತಿಯ ಮುಂದೆ ತಲೆ ಮೇಲಿನ ಸೆರಗು ಜಾರಿದರೂ ಸರಿಮಾಡಿಕೊಳ್ಳುವ ನನ್ನ ಅವ್ವ, ಹಾಗೆ ನಿಂತಿದ್ದಳು. ಒಂದೇ ಕೋಣೆಯಲ್ಲಿ ಬೆಳೆದವಳು ನಾನು, ನನಗೇ ಗೊತ್ತಿರಲಿಲ್ಲ. ನಾನು ಕೆಲವು ತಿಂಗಳು ತಡೆಯಲಾರದೆ ಮನೆ ಮಂದಿಯನ್ನೆಲ್ಲ ಹುರಿದು ಮುಕ್ಕಿದ್ದೆ. ಇವಳು ಇಷ್ಟು ವರ್ಷ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬಿಸಿಲಲ್ಲಿ ಬಗ್ಗಿ ಕಡಲೆಕಾಯಿ ಕಿತ್ತಿದ್ದಳು.

ಅತ್ತೆ ಮಗುವನ್ನು ತಂದು ನನ್ನ ಮಡಿಲಲ್ಲಿ ಇಟ್ಟರು. "ಹಾಲು ಕೊಡು, ಹಸಿದೈತೆ" ಅಂದರು. ಬಾಗಿಲ ಹತ್ತಿರ ಹೋಗಿ, ನಮ್ಮ ಕಡೆ ನೋಡದೆ, "ನಾನು ಬೆಳಿಗ್ಗೆ ಹೋಗ್ತೀನಿ ಬಿಡ್ರಿ. ಆ ಕಂಬಳಿ ಎಲ್ಲೈತೆ, ಕೊಡ್ರಿ. ನೀರಿಗೆ ಹಾಕ್ತೀನಿ. ನೀವು ಮೊದ್ಲು ಅದೇನು ಹಚ್ಕಬೇಕೋ ಹಚ್ಕಳ್ರಿ" ಅಂದು, ಗೂಟದಿಂದ ಕಂಬಳಿ ಎಳೆದುಕೊಂಡು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಪುಟ್ಟಿ ಕುಡಿದು ಮಲಗಿದಳು. ಅವ್ವ ಇನ್ನೂ ಗೋಡೆಯ ಕಡೆಗೇ ನಿಂತಿದ್ದಳು. ನಾನು ಕೈ ತೊಳೆದುಕೊಂಡು ಬಂದು ಒಣ ಬಟ್ಟೆಯಿಂದ ಅವಳ ಸೊಂಟ ಒರೆಸಿದೆ. ನಾನು ಮುಟ್ಟಿದ ಕೂಡಲೇ ಅವಳು ಬೆಚ್ಚಿ ನನ್ನ ಕೈ ಹಿಡಿದಳು. "ನೀನು ಮುಟ್ಟಬ್ಯಾಡ ಬಿಡೇ. ನಾನೇ ಹಚ್ಕಂತೀನಿ."

"ಬೆನ್ನಿಗೆ ನಿನ್ನ ಕೈ ಎಟಕುತ್ತಾ? ಸುಮ್ನೆ ನಿಂತ್ಕ."

ಟ್ಯೂಬು ಒತ್ತಿ, ಅಂಚಿನ ಆಚೆಯಿಂದ ಶುರುಮಾಡಿ, ನಿಧಾನಕ್ಕೆ ಹಚ್ಚುತ್ತಾ ಬಂದೆ. ಅವ್ವ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿದ್ದಳು. ಭುಜ ಮೆಲ್ಲಗೆ ಕೆಳಗಿಳಿಯಿತು.

"ಉರೀತೈತಾ ಅವ್ವಾ?"

ಇಲ್ಲ ಅನ್ನುವ ಹಾಗೆ ತಲೆಯಾಡಿಸಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬಾಯಿಂದ ಸೆರಗು ತೆಗೆದು, "ತಣ್ಣಗೈತೆ ಕಣೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, ಚಿಕ್ಕ ಹುಡುಗಿಯ ಹಾಗೆ ಮೆತ್ತಗೆ, "ಆ ಕಡೀಗೂ ಒಂಚೂರು ಹಚ್ಚೇ" ಅಂದಳು.